ಅಣ್ಣನ ನಿರ್ಗಮನಗಳು

ಮಾರ್ಚ್ ೩, ಮಂಗಳವಾರ

ಸತ್ತಿತು! ಮತ್ತೆ ಸತ್ತಿತು! ನನ್ನ ಅಣ್ಣನ ಕಂಠವನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಆ ಉಗುರಗಲದ ಮೆಮೊರಿ ಕಾರ್ಡು ಇಂದು ಬೆಳಿಗ್ಗೆ ಮೂರನೆಯ ಬಾರಿಗೆ ಕೈಕೊಟ್ಟಿತು. ಅದೂ ಎಂಥ ಗಳಿಗೆಯಲ್ಲಿ! ನಟನಾ ಶಾಲೆಯ ಮುಖ್ಯಸ್ಥೆ ಖುದ್ದಾಗಿ ಮನೆಗೆ ಬಂದು, ನಮ್ಮ ಸೋಫಾದ ತುದಿಯಲ್ಲಿ ಕೂತು, ಅಣ್ಣನ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾಯುತ್ತಿದ್ದ ಗಳಿಗೆಯಲ್ಲಿ!

ರೋಗ ಬಂತೆಂದು ವೈದ್ಯರು ಅಣ್ಣನ ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆದರು. ತೆಗೆಯುವ ಮೊದಲು ಅವನು ಒಂದು ವಾರ ಮನೆಯ ಕೆಳಗಿನ ನನ್ನ ರಿಪೇರಿ ಅಂಗಡಿಯಲ್ಲಿ ಮೈಕಿನ ಮುಂದೆ ಕೂತು ಸಾವಿರಾರು ವಾಕ್ಯ ಓದಿದ. ಆ ದನಿಯನ್ನು ಅಂಗೈಯಗಲದ ಲಿನಕ್ಸ್ ಕಂಪ್ಯೂಟರೊಂದಕ್ಕೆ ತುಂಬಿ, ಸ್ಪೀಕರ್ ಹಚ್ಚಿ, ಕೀಬೋರ್ಡ್ ಜೋಡಿಸಿ, ಮರದ ಪೆಟ್ಟಿಗೆಯಲ್ಲಿ ಕೂರಿಸಿದವನು ಯಾರು? ನಾನು! ಅವನು ಬೆರಳಲ್ಲಿ ಒತ್ತಿದ್ದನ್ನು ಅದು ಅವನದೇ ಕಂಠದಲ್ಲಿ ಆಡುತ್ತದೆ. ಆಡಬೇಕು. ಆಡುತ್ತಿತ್ತು.

ನಿನ್ನೆ ಸಂಜೆ ಗಟ್ಟಿಯಾಗಿಯೇ ಇತ್ತು. ನನ್ನ ಹೊಸ ಅಂಗಿಯ ಬಣ್ಣದ ಬಗ್ಗೆ ನಾಲ್ಕು ಮಾತು ಆಡಿ ಅಣ್ಣ ಮಲಗಲು ಹೋಗಿದ್ದ. ಇವತ್ತು ಕೆಂಪು ದೀಪ ಉರಿಯಿತು, ಪಕ್ಕದ ಹಸಿರು ದೀಪ ಮಿಣುಕಲೂ ಇಲ್ಲ. ಕಾರ್ಡಿನೊಳಗಿನ ಲಿನಕ್ಸ್, ಅಂದರೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶ, ಏಳಲೇ ಇಲ್ಲ.

ಮುಖ್ಯಸ್ಥೆ ಹೇಳಿದ್ದು ಇಷ್ಟು: “ಸರ್, ನಿಮ್ಮನ್ನ ಬಿಟ್ಟುಕೊಡೋಕೆ ನನಗೆ ಇಷ್ಟ ಇಲ್ಲ. ಆದ್ರೆ ಸಮಿತಿಯವರು ಕೇಳ್ತಿದಾರೆ. ಉಚ್ಚಾರಣೆ ಕಲಿಸೋ ಮೇಷ್ಟ್ರಿಗೆ ದನಿನೇ ಇಲ್ಲ ಅಂದ್ರೆ ಹೇಗೆ ಅಂತ. ಇಪ್ಪತ್ತೆಂಟಕ್ಕೆ ಅವರ ಮುಂದೆ ಒಂದು ತರಗತಿ ತಗೊಳ್ಳಿ. ಒಪ್ಪಿದ್ರೆ ಸರಿ. ಇಲ್ದಿದ್ರೆ... ನಿಮ್ಮನ್ನ ಗೌರವ ಸಲಹೆಗಾರರು ಅಂತ ಮಾಡ್ತೀವಿ.”

ಗೌರವ ಸಲಹೆಗಾರ! ಅಂದರೆ ವರ್ಷಕ್ಕೊಮ್ಮೆ ಕರೆದು ಮುಂದಿನ ಸಾಲಿನಲ್ಲಿ ಕೂರಿಸುವ ಬೊಂಬೆ! ಗಂಟೆಯಂಥ ಕಂಠಕ್ಕೆ ಮಕ್ಕಳೆಲ್ಲ “ಗಂಟೆ ಮೇಷ್ಟ್ರು” ಎಂದು ಕರೆಯುವ ನನ್ನ ಅಣ್ಣ ಬೊಂಬೆಯೇ? ಅವನು ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಸತ್ತ ಪೆಟ್ಟಿಗೆಯನ್ನು ನೋಡುತ್ತ ಕೂತಿದ್ದ. ನನ್ನ ರಕ್ತ ಕುದಿಯಿತು. ನಾನೇ ಎದ್ದು ನಿಂತು ಕೊನೆಯ ಮನೆಗೂ ಕೇಳುವಂತೆ ಹೇಳಿದೆ: “ಒಂದಲ್ಲಮ್ಮಾ, ಹತ್ತು ತರಗತಿ ತಗೋತಾನೆ ನಮ್ಮಣ್ಣ! ನಿಮ್ಮ ಸಮಿತಿಯವರಿಗೆ ಕಿವಿ ತೊಳ್ಕೊಂಡು ಬರೋಕೆ ಹೇಳಿ!”

ಆಕೆ ಹೋದ ಮೇಲೆ ಅಣ್ಣ ಸ್ಲೇಟ್ ತೆಗೆದುಕೊಂಡು ಬರೆದ: ‘ನಾನು ಹೇಳಬೇಕು ಅಂತಿದ್ದದ್ದು ಅದಲ್ಲ.’

ಏನದು ಎಂದು ಕೇಳಿದರೆ ಒರೆಸಿಬಿಟ್ಟ. ಇದೋ ಕೃತಜ್ಞತೆ!

ಮಾರ್ಚ್ ೫, ಗುರುವಾರ

ಕಾರ್ಡು ಮಾರಿದ ಅಂಗಡಿಯವನಿಗೆ ಇಡೀ ಬೀದಿಯಲ್ಲಿ ‘ಗ್ಯಾರಂಟಿ’ ಎಂದೇ ಹೆಸರು. ಬಾಯಿ ತೆರೆದರೆ ಬರುವುದು ಅದೊಂದೇ ಮಾತು, ಕೊಡದಿರುವುದೂ ಅದೊಂದೇ.

ಮೂರು ಸತ್ತ ಕಾರ್ಡುಗಳನ್ನು ಅವನ ಗಾಜಿನ ಮೇಜಿನ ಮೇಲೆ ಸಾಲಾಗಿ ಮಲಗಿಸಿದೆ.

“ಅಣ್ಣಾ, ನಿಮ್ಮ ಪೆಟ್ಟಿಗೇಲೇ ಏನೋ ಪ್ರಾಬ್ಲಮ್ಮು. ನಮ್ಮ ಕಾರ್ಡು ಬಂಡೆ, ಬಂಡೆ!”

“ಮೂರು ಬಂಡೆ ಒಡೆದಿವೆ ನಮ್ಮನೇಲಿ. ಜಲ್ಲಿ ಮಾಡಿ ಮಾರಲಾ?”

“ಮದುವೆ ಫೋಟೋ ತೆಗೆಯೋರೆಲ್ಲ ಇದನ್ನೇ ತಗೊಂಡೋಗೋದು. ಒಬ್ರೂ ವಾಪಸ್ ಬಂದಿಲ್ಲ, ಗ್ಯಾರಂಟಿ.”

“ಯಾಕೆ ಬರ್ತಾರೋ? ಕ್ಯಾಮೆರಾ ಫೋಟೋ ತೆಗೆದಾಗ ಬರೆಯತ್ತೆ, ಆಮೇಲೆ ಸುಮ್ನಿರತ್ತೆ. ಲಿನಕ್ಸ್ ಹಾಗಲ್ಲ. ನಾನು ಎದ್ದೆ, ಕೂತೆ, ಸೀನಿದೆ ಅಂತ ದಿನವಿಡೀ ತನ್ನ ಸುದ್ದಿ ತಾನೇ ಬರ್ಕೋತಾ ಇರತ್ತೆ! ಅದನ್ನ ತಡ್ಕೊಳ್ಳೋ ತಾಕತ್ತು ಬೇಕು!”

“ಯಾರ ಥರ ಅಂತೀರಾ ಅದು?” ಎಂದು ಹಲ್ಲುಕಿರಿದ.

ಅವನ ಮಾತಿನ ಅರ್ಥ ನನಗಾಗಲಿಲ್ಲ. ಅಧಿಕಪ್ರಸಂಗಿ. ಆದರೂ ಇನ್ನೊಂದು ಕಾರ್ಡು ಕೊಂಡು ಬಂದೆ. ಬೇರೆ ದಾರಿ ಎಲ್ಲಿದೆ?

ಮಾರ್ಚ್ ೮, ಭಾನುವಾರ

ಎದ್ದಿತು ಪೆಟ್ಟಿಗೆ. ಏಳುವುದೇನು ಏಳುವುದು! ಸ್ವಿಚ್ ಹಾಕಿ, ಮುಖ ತೊಳೆದು ಬಂದು ಕೂತರೂ ಇನ್ನೂ ಮೈ ಮುರಿಯುತ್ತಿರುತ್ತದೆ. ಊಟದ ಮೇಜಿನಲ್ಲಿ ಅತ್ತಿಗೆ ಮುಂಬಾಗಿಲಿಗೆ ಯಾವ ಬಣ್ಣ ಹೊಡೆಸೋಣ ಎಂದರು. ಅಣ್ಣ ಪೆಟ್ಟಿಗೆ ಹಾಕಿದ. ಅದು ಏಳುವಷ್ಟರಲ್ಲಿ ಬಾಗಿಲಿನ ಮಾತು ಮುಗಿದು, ನೀರಿನ ಪೈಪಿನ ಮಾತು ಬಂದು, ಅದೂ ಮುಗಿದಿತ್ತು. ಆಗ ಪೆಟ್ಟಿಗೆ ಗಂಭೀರವಾಗಿ “ಹಸಿರು” ಎಂದಿತು. ಪೈಪಿಗೆ ಹಸಿರು ಬಣ್ಣವೇ ಎಂದು ಅತ್ತಿಗೆ ನಕ್ಕರು.

ಅವನ ಪರವಾಗಿ ನಾನೇ ‘ಹಸಿರು’ ಅನ್ನುವವನಿದ್ದೆ. ಅವನ ಕಣ್ಣು ನೋಡಿದರೆ ನನಗೆ ಗೊತ್ತಾಗುತ್ತದೆ. ಇನ್ನು ಮೇಲೆ ಹಾಗೇ ಮಾಡುತ್ತೇನೆ.

ಆದರೆ ಇವತ್ತಿನ ನಿಜವಾದ ಅವಮಾನ ಮಧ್ಯಾಹ್ನ ನಡೆಯಿತು. ಮುಖ್ಯಸ್ಥೆ ಫೋನ್ ಮಾಡಿ, ಕಲಾವಿದರ ಸಂಘದಿಂದ ಚಿಕಿತ್ಸೆಗೆ ಏನಾದರೂ ಸಹಾಯ ಕೊಡಿಸಲೇ ಎಂದರು. ಅಣ್ಣ ಎದೆಯುಬ್ಬಿಸಿ ಟೈಪು ಮಾಡಿದ: ‘ನನಗೆ ಧನಸಹಾಯ ಬೇಡ, ತರಗತಿ ಬೇಕು.’ ಪೆಟ್ಟಿಗೆ ಆಡಿತು:

“ನನಗೆ ದನಸಹಾಯ ಬೇಡ, ತರಗತಿ ಬೇಕು.”

ಆ ಕಡೆಯಿಂದ ಮುಖ್ಯಸ್ಥೆ ಮೆಲ್ಲಗೆ, “ಸರ್... ದನ ಅಂದ್ರಾ?”

ದನ! ಇಪ್ಪತ್ತು ಬ್ಯಾಚು ಮಕ್ಕಳಿಗೆ ಮಹಾಪ್ರಾಣ ಕಲಿಸಿದವನು, ‘ಧ’ ಎಂದರೆ ಕೊನೆಯ ಸಾಲಿನವನ ತಲೆಗೂದಲು ಹಾರುವಂತೆ ಉಸಿರು ಬಿಡುತ್ತಿದ್ದವನು, ಹಸು ಎಮ್ಮೆ ಬೇಡವೆಂದು ಫೋನಿನಲ್ಲಿ ಹೇಳಿದ ಹಾಗಾಯಿತು! ಅಣ್ಣನ ಮುಖ ಕಪ್ಪಿಟ್ಟಿತು. ನಾನು ಫೋನ್ ಕಿತ್ತುಕೊಂಡು ಉಳಿದದ್ದನ್ನು ಹೇಳಿ ಮುಗಿಸಿದೆ.

ಕಾರಣ ನನಗೆ ಗೊತ್ತು. ಕಾರ್ಡಿನಲ್ಲಿ ಜಾಗ ಸಾಲದೆಂದು ಅವನ ದನಿಯನ್ನು ಹಿಂಡಿ ಹಿಂಡಿ ಚಿಕ್ಕದು ಮಾಡಿ ತುಂಬಿದ್ದೆ. ಹಿಂಡಿದಾಗ ಮೊದಲು ಹೋಗುವುದು ಉಸಿರು. ಧ ಹೋಗಿ ದ ಆಯಿತು, ಭಾಷೆ ಹೋಗಿ ಬಾಷೆ ಆಯಿತು. ಇಂಥ ಪೆಟ್ಟಿಗೆ ಹೊತ್ತುಕೊಂಡು ಹೋಗಿ ಸಮಿತಿಯ ಮುಂದೆ ಉಚ್ಚಾರಣೆ ಕಲಿಸುವುದೇ? ಹಿಂಡದ, ಪೂರ್ತಿ ದನಿ ಬೇಕು. ಅದು ಹಿಡಿಸುವಷ್ಟು ದೊಡ್ಡದು, ಥಟ್ಟನೆ ಏಳುವಂಥದು, ಸಾಯದಂಥದು ಬೇಕು!

ಮಾರ್ಚ್ ೧೧, ಬುಧವಾರ

ಪೆನ್‌ಡ್ರೈವ್‌ನಿಂದ ಏಳಿಸಿ ನೋಡಿದೆ. ಕಾದು ಕೆಂಡವಾಯಿತು. ಏಳುವುದು ಕಾರ್ಡಿಗಿಂತಲೂ ನಿಧಾನ. ಅದರ ಹಣೆಬರಹಕ್ಕಿಷ್ಟು ಬೆಂಕಿ.

ಮಾರ್ಚ್ ೧೪, ಶನಿವಾರ

ಎಸ್‌ಎಸ್‌ಡಿ ಬಂದಿದೆ! ಕಂಪ್ಯೂಟರಿನ ದೊಡ್ಡ ಡಿಸ್ಕುಗಳ ವಂಶದ್ದು, ಆದರೆ ಒಳಗೆ ತಿರುಗುವ ಚಕ್ರವಿಲ್ಲ, ಸೂಜಿಯಿಲ್ಲ, ಎಲ್ಲ ಗಟ್ಟಿ ಚಿಪ್‌ಗಳೇ. ಚೀಟಿಯಷ್ಟು ಗಾತ್ರ, ರಾಜನ ಗತ್ತು. ಕೇಬಲ್ಲಿನಿಂದ ಪೆಟ್ಟಿಗೆಗೆ ಸೇರಿಸಿ, “ಎದ್ದೇಳು, ಮಹಾಪ್ರಭು!” ಎಂದೆ.

ಮಹಾಪ್ರಭು ಏಳಲಿಲ್ಲ.

ಮೊದಲು, ಆ ಪುಟ್ಟ ಕಂಪ್ಯೂಟರಿಗೆ ಬುದ್ಧಿ ಹೇಳಬೇಕಾಯಿತು: ಕಾರ್ಡಿನ ಗೂಡನ್ನು ಹುಡುಕುವುದು ಬಿಡು, ಈ ಕಡೆ ನೋಡು ಎಂದು. ಅದು ನೋಡಿತು. ನೋಡಿ, ಅರ್ಧ ಎದ್ದು, ಧೊಪ್ಪನೆ ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು. ಮಧ್ಯಾಹ್ನವಿಡೀ ಈ ಕುಡುಕನ ಅಂಕ ನೋಡಿದ ಮೇಲೆ ಹೊಳೆಯಿತು. ಈ ರಾಜನ ಹೊಟ್ಟೆ ದೊಡ್ಡದು! ನಾನು ಹಾಕಿದ್ದ ಫೋನ್ ಚಾರ್ಜರಿನ ಕರೆಂಟು ಅದರ ಮೂಗಿಗೂ ಸಾಲದು. ಇದನ್ನು ಡಬ್ಬದ ಮೇಲೆ ಬರೆದರೆ ತಯಾರಿಸಿದವರ ಗಂಟೇನು ಹೋಗುತ್ತಿತ್ತು? ಒಂದು ಸಾಲು! ಸಂಭಾವನೆ ಕೇಳದ ಒಂದು ಸಾಲು!

ಸೋಮವಾರ ದಪ್ಪ ಅಡಾಪ್ಟರ್ ತರಬೇಕು.

ಮಾರ್ಚ್ ೧೬, ಸೋಮವಾರ

ಗೆದ್ದೆ!

ಸ್ವಿಚ್ ಹಾಕಿದೆ, ಹಸಿರು ದೀಪ ಹುಚ್ಚೆದ್ದು ಕುಣಿಯಿತು, ಅಣ್ಣ ಕುರ್ಚಿ ಸರಿಮಾಡಿಕೊಳ್ಳುವಷ್ಟರಲ್ಲಿ ಪೆಟ್ಟಿಗೆ ಸಿದ್ಧ. ಹಿಂಡದ ದನಿಯನ್ನು ಪೂರ್ತಿ ಸುರಿದಿದ್ದೆ. ಅಣ್ಣ ಒತ್ತಿದ. ಪೆಟ್ಟಿಗೆ, ಎದೆಯೊಳಗಿನಿಂದ, ಉಸಿರಿನ ಸಮೇತ, ಆಡಿತು:

“ಮಧ್ಯಾಹ್ನದ ಟೀಗೆ ಸಕ್ಕರೆ ಕಮ್ಮಿ ಇತ್ತು.”

ಅತ್ತಿಗೆ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿಬಂದರು. ಬಾಗಿಲಲ್ಲಿ ನಿಂತರು. “ಇನ್ನೊಂದ್ಸಲ ಹೇಳ್ರೀ,” ಎಂದರು. ಅವನು ಇನ್ನೊಂದು ಸಲ ಬೈದ. ಅವರು ಕೈಯ ನೀರನ್ನು ಕಣ್ಣಿಗೆ ಒರೆಸಿಕೊಂಡು ನಗುತ್ತ ಒಳಗೆ ಹೋದರು.

ಡ್ರೈವ್‌ನ ಕಡೆ ಒಬ್ಬರಾದರೂ ನೋಡಿದರೇ? ಅದನ್ನು ತಂದವನ ಕಡೆ? ಅಪ್ಪನ ನಾಟಕ ಮಂಡಳಿಯಲ್ಲೂ ಹೀಗೇ: ಹೂಮಾಲೆಯೆಲ್ಲ ನಾಯಕನಾದ ಅಣ್ಣನಿಗೆ. ಲೈಟಿನವನಾದ ನನಗೆ ಬಿಸಿಲಿನಂಥ ಬಲ್ಬು, ಬೆವರು!

ರಾತ್ರಿಯ ಊಟಕ್ಕೆ ಅಣ್ಣ ಎಲ್ಲ ಮಾತಿಗೂ ಮಾತು ಕೂಡಿಸಿದ. ಬೆರಳು ನಿಧಾನ, ಅದೊಂದೇ ಕೊರತೆ. ನಾನು ಅವನ ವಾಕ್ಯಗಳ ಕೊನೆಯ ಅರ್ಧವನ್ನು ಪೂರೈಸಿ ಕೆಲಸ ಹಗುರ ಮಾಡಿದೆ. ಅದಕ್ಕೆ ಅವನು, “ನಾನು ಸತ್ತ ಮೇಲೂ ನೀನೇ ಮಾತಾಡ್ತೀಯೇನೋ?” ಎಂದು, ಎದ್ದು, ಕೋಣೆಗೆ ಹೋದ. ಹೊಸ ಡ್ರೈವಿನ ಮೊದಲ ದಿನ ನನಗೆ ಸಿಕ್ಕ ಬಹುಮಾನ!

ಮಾರ್ಚ್ ೧೮, ಬುಧವಾರ

ಎಸ್‌ಎಸ್‌ಡಿ ಸತ್ತಿದೆ.

ಅಲ್ಲ, ಡ್ರೈವ್ ಬದುಕಿದೆ, ಒಳಗಿನ ಬರಹವೆಲ್ಲ ಚೆಲ್ಲಾಪಿಲ್ಲಿ. ಮಂಗಳವಾರ ಒಮ್ಮೆ ತೊದಲಿತು, ಇಂದು ಏಳಲೇ ಇಲ್ಲ. ಕೆಂಪು ದೀಪ, ಕೆಂಪು ದೀಪ, ಕೆಂಪು ದೀಪ!

ಹಾಗಾದರೆ ತಪ್ಪು ಕಾರ್ಡಿನದಲ್ಲ. ಯಾರದು? ಮನೆಯೊಳಗಿನವರದು! ನಡೆದುಹೋದೆ ಅಡುಗೆಮನೆಗೆ.

“ಅತ್ತಿಗೇ! ಇಸ್ತ್ರಿಪೆಟ್ಟಿಗೆ ಹಾಕೋಕೆ ಅಣ್ಣನ ಪ್ಲಗ್ ಕಿತ್ತಿದ್ದೀರಾ?”

“ನಾನ್ಯಾಕೆ ಕೀಳ್ಲಿ?”

“ಯಾರೋ ಕಿತ್ತಿದಾರೆ! ಓಡ್ತಿರೋ ಲಿನಕ್ಸಿನ ಕರೆಂಟ್ ಗಕ್ಕಂತ ತೆಗೆದ್ರೆ, ಬರೀತಿದ್ದವನ ಕೈಯಿಂದ ಪೆನ್ನು ಕಸಿದ ಹಾಗೆ! ಅರ್ಧ ಅಕ್ಷರಕ್ಕೇ ನಿಂತುಹೋಗತ್ತೆ! ದೊಡ್ಡ ಡ್ರೈವ್ ಆದ್ರೂ ಅಷ್ಟೇ, ಚಿಕ್ಕ ಕಾರ್ಡ್ ಆದ್ರೂ ಅಷ್ಟೇ! ಹತ್ತು ದಿನ ಇದೆ ತರಗತಿಗೆ, ಹತ್ತೇ ದಿನ!”

ಅವರು ಒಲೆ ಸಣ್ಣ ಮಾಡಿ ನನ್ನ ಕಡೆ ತಿರುಗಿದರು. “ಲೈಟ್ ಮಾಸ್ಟ್ರೇ, ಹೀಗೆ ಅರಚೋ ಬದ್ಲು ನಿಮ್ಮಣ್ಣನ್ನೇ ಕೇಳಿ. ನಿಮ್ಮ ಜತೆ ಜಗಳ ಆಡಿ ಕೋಣೆಗೆ ಹೋಗುವಾಗ ಏನು ಮಾಡ್ತಾರೆ ಅಂತ.”

ಮಾರ್ಚ್ ೧೯, ಗುರುವಾರ

ಕಂಡೆ. ಕಣ್ಣಾರೆ ಕಂಡೆ.

ಡ್ರೈವ್‌ಗೆ ಎಲ್ಲ ಹೊಸದಾಗಿ ತುಂಬಿ, ಬೇಕೆಂದೇ ಜಗಳ ತೆಗೆದೆ. ಅವನ ತರಗತಿಯಲ್ಲಿ ನಾನೂ ಪಕ್ಕದಲ್ಲಿ ನಿಂತು ವಿವರಿಸುತ್ತೇನೆ ಎಂದೆ. ಅವನು ಬೇಡ ಎಂದ. ನಾನು ಬೇಕು ಎಂದೆ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವನು ಹುಬ್ಬು ಗಂಟಿಕ್ಕಿ ಒತ್ತಿದ. ಪೆಟ್ಟಿಗೆ ಗುಡುಗಿತು:

“ನಿನ್ನ ಬಾಯಿಗಿಂತ ನನ್ನ ಮೌನವೇ ಸ್ಪಷ್ಟ!”

ಆಮೇಲೆ, ಅಯ್ಯೋ, ಆಮೇಲೆ ಅವನು ಕೈಯನ್ನು ಗೋಡೆಯ ಕಡೆ ಚಾಚಿ, ವೈರನ್ನು ಹಿಡಿದು, ಒಂದೇ ಎಳೆತಕ್ಕೆ ಸರಕ್ಕನೆ ಕಿತ್ತ! ಪೆಟ್ಟಿಗೆಯ ದೀಪಗಳೆಲ್ಲ ಆರಿದವು. ತಲೆ ಎತ್ತಿ, ಬೆನ್ನು ನೆಟ್ಟಗೆ ಮಾಡಿ, ಎಡಕ್ಕೆ ನಡೆದು, ನಿರ್ಗಮಿಸಿದ!

ಅದು ನಮ್ಮ ಅಪ್ಪನ ನಾಟಕ ಮಂಡಳಿಯ ಕ್ರಮ. ದೃಶ್ಯದ ಕೊನೆಯ ಮಾತು ಅಣ್ಣನದು. ಮಾತಿನ ಕೊನೆಯ ಅಕ್ಷರ ಇನ್ನೂ ಗಾಳಿಯಲ್ಲಿರುವಾಗಲೇ ನಾನು ಹಿಂದೆ ನಿಂತು ದೀಪಗಳ ದೊಡ್ಡ ಹಿಡಿಕೆಯನ್ನು ಒಂದೇ ಎಳೆತಕ್ಕೆ ಎಳೆದು ಕತ್ತಲು ಮಾಡಬೇಕು. ಕ್ಷಣ ತಡವಾದರೂ ಅಪ್ಪ ಬೈಯುತ್ತಿದ್ದರು. ಕತ್ತಲಾದ ಮೇಲೆ ಯಾರಿಗೂ ಮಾತಿಲ್ಲ. ಯಾರ ಮಾತಿನ ಮೇಲೆ ಕತ್ತಲು ಬಿತ್ತೋ ಅವನೇ ಗೆದ್ದವನು.

ಮೂರು ಕಾರ್ಡು, ಒಂದು ಎಸ್‌ಎಸ್‌ಡಿ! ಎಲ್ಲ ಅವನ ನಿರ್ಗಮನಗಳಿಗೆ ಬಲಿ! ನಾನು ಗ್ಯಾರಂಟಿಯ ಜತೆ ಕಾದಾಡಿದೆ, ಅತ್ತಿಗೆಯ ಮೇಲೆ ಕೂಗಾಡಿದೆ, ಈ ಮಹಾನಟ ಮಾತ್ರ ದಿನಾ ಸಂಜೆ ನನ್ನ ಶ್ರಮದ ಮೇಲೆ ಪರದೆ ಎಳೆಯುತ್ತಿದ್ದಾನೆ!

ಅಲ್ಲದೆ, ಕತ್ತಲು ಮಾಡುವುದು ನನ್ನ ಕೆಲಸವಾಗಿತ್ತು.

ಮಾರ್ಚ್ ೨೦, ಶುಕ್ರವಾರ

ಪೆಟ್ಟಿಗೆಯ ಪಕ್ಕದಲ್ಲಿ ಒಂದು ನೀಲಿ ಗುಂಡಿ ಕೂರಿಸಿದೆ. ಅದನ್ನು ಒತ್ತಿ, ಹಸಿರು ದೀಪ ಪೂರ್ತಿ ಆರುವವರೆಗೆ ಕಾದು, ಆಮೇಲೆ ವೈರ್ ತೆಗೆಯಬೇಕು. ಮಗುವಿಗೂ ಬರುತ್ತದೆ. ಅಣ್ಣನಿಗೆ ವಿನಯದಿಂದ ವಿವರಿಸಿದೆ.

ಅವನ ಉತ್ತರ: “ಕೊನೇ ಮಾತು ಹೇಳಿ, ಗುಂಡಿ ಒತ್ತಿ, ದೀಪ ಆರೋವರೆಗೂ ಅಲ್ಲೇ ಕೂತಿರಬೇಕಾ? ಅನುಮತಿ ಕೇಳ್ಕೊಂಡು ನಿರ್ಗಮಿಸಬೇಕಾ?”

“ಹೌದು! ಲಿನಕ್ಸ್ ಕೇಳತ್ತೆ!”

“ಯಾರು ಆ ಲಿನಕ್ಸು? ನನ್ನ ಜತೆ ಜಗಳಕ್ಕಿದ್ನಾ?”

ಮತ್ತೆ ಸರಕ್! ವೈರ್ ಕೈಯಲ್ಲಿ. ನನ್ನ ಮುಖಕ್ಕೆ ಹಿಡಿದು ತೋರಿಸಿ ಹೋದ.

ಹಠಮಾರಿ! ಅಹಂಕಾರಿ! ತರಗತಿ ಅವನದು, ಮಾನ ಅವನದು, ಗಂಟಲು ಅವನದು, ಕಾಳಜಿ ಮಾತ್ರ ನನ್ನದು!

ಮಾರ್ಚ್ ೨೧, ಶನಿವಾರ

ನಾನು ಅವನ ಜತೆ ಮಾತಾಡುವುದಿಲ್ಲ.

ಮಾರ್ಚ್ ೨೨, ಭಾನುವಾರ

ಅತ್ತಿಗೆ ಅಂಗಡಿಗೆ ಇಳಿದು ಬಂದರು. ಬಂದವರು ಸುಮ್ಮನೆ ಸ್ಟೂಲಿನ ಮೇಲೆ ಕೂತು, ನಾನು ಬೆಸುಗೆ ಹಾಕುವುದನ್ನು ನೋಡಿದರು.

“ಅವರು ಮೊದಲು ಸಿಟ್ಟು ಬಂದ್ರೆ ಏನು ಮಾಡ್ತಿದ್ರು, ನೆನಪಿದೆಯಾ?”

“ಮನೆ ನಡುಗೋ ಹಾಗೆ ಕೂಗ್ತಿದ್ದ. ನಾನು ಇನ್ನೂ ಜೋರಾಗಿ ಕೂಗ್ತಿದ್ದೆ.”

“ಹೂಂ. ಈಗ ಕೂಗೋಕಾಗಲ್ಲ. ಪೆಟ್ಟಿಗೆ ಎಷ್ಟು ಸಿಟ್ಟು ಬಂದ್ರೂ ಒಂದೇ ಎತ್ತರದಲ್ಲಿ ಮಾತಾಡತ್ತೆ. ನೀವು ಮೇಲಿಂದ ಮೇಲೆ ಮಾತು ಹಾಕ್ತಾನೇ ಇರ್ತೀರಿ. ಇನ್ನು ಅವರ ಕೈಯಲ್ಲಿ ಉಳಿದಿರೋದು ಆ ವೈರ್ ಒಂದೇ. ಅದನ್ನೂ ಕಿತ್ಕೊಳ್ಳಬೇಡಿ.”

“ಹಾಗಂತ ದಿನಾ ಒಂದು ಡ್ರೈವ್ ಸಾಯಿಸ್ಲಿ ಅಂತೀರಾ?”

“ಅದು ನಂಗೇನು ಗೊತ್ತು? ಎಳೆದ್ರೂ ಸಾಯದಂಥದ್ದು ಮಾಡೋದೂ ನಿಮ್ಮ ಕೆಲಸಾನೇ ಅಲ್ವಾ, ಲೈಟ್ ಮಾಸ್ಟ್ರೇ?”

ಹೇಳಿ ಎದ್ದುಹೋದರು. ಎಷ್ಟು ಸುಲಭ, ಹೇಳುವುದು!

ಆದರೂ, ಕೇವಲ ತಾಂತ್ರಿಕ ಕುತೂಹಲದಿಂದ, ಹುಡುಕಿದೆ. ಇದೆ. ಕಾರ್ಖಾನೆಗಳಿಗೆಂದೇ ಮಾಡುವ ಎಸ್‌ಎಸ್‌ಡಿ. ಅದರ ಮೈಮೇಲೆ ಸಾಲಾಗಿ ಪುಟ್ಟ ಕೆಪ್ಯಾಸಿಟರುಗಳು, ಒಂದಷ್ಟು ಕರೆಂಟನ್ನು ಕೂಡಿಟ್ಟುಕೊಳ್ಳುವ ಹರಳುಗಳು. ಹೊರಗಿನ ವೈರ್ ಕಿತ್ತರೂ, ಕೈಯಲ್ಲಿರುವ ಕೆಲಸವನ್ನು ಕೆಳಗಿಡುವಷ್ಟು ಉಸಿರನ್ನು ಅವು ಡ್ರೈವ್‌ಗೆ ಕೊಡುತ್ತವೆ. ಇದೊಂದೇ ಸಾಲದು. ಲಿನಕ್ಸಿನ ಬಾಯಿಗೂ ಬೀಗ ಹಾಕುತ್ತೇನೆ: ಇಡೀ ವ್ಯವಸ್ಥೆ ಬರೀ ಓದಬೇಕು, ಬರೆಯಕೂಡದು. ಅದರ ಗೊಣಗಾಟವೆಲ್ಲ ಕರೆಂಟ್ ಹೋದರೆ ತಾನೇ ಅಳಿಸಿಹೋಗುವ ಮೆಮೊರಿಯಲ್ಲಿ ಇರಲಿ. ಅಣ್ಣ ಉಳಿಸಿಕೊಳ್ಳುವ ವಾಕ್ಯಗಳಿಗೆ ಮಾತ್ರ ಬೇರೆ ಮೂಲೆ. ಬರೆಯುತ್ತಲೇ ಇಲ್ಲದವನ ಪೆನ್ನನ್ನು ಯಾರು ಕಸಿದರೇನು?

ಎಳೆಯಲಿ. ಎಷ್ಟು ಬೇಕಾದರೂ ಎಳೆಯಲಿ! ಅವನ ಮೇಲಿನ ಪ್ರೀತಿಯಿಂದಲ್ಲ ಇದು. ಒಬ್ಬ ನಟನ ಕೈಯಲ್ಲಿ ನನ್ನ ಯಂತ್ರ ಸೋಲುವುದು ನನಗೆ ಸಹಿಸಲಾಗದು!

ಮಾರ್ಚ್ ೨೫, ಬುಧವಾರ

ಪರೀಕ್ಷೆ. ಹೊಸ ಡ್ರೈವ್, ಬೀಗ ಹಾಕಿದ ಲಿನಕ್ಸ್. ಅಣ್ಣನನ್ನು ಕರೆದು, “ತಗೋ, ಕಿತ್ತು ಕಿತ್ತು ಸಾಯಿಸು ನೋಡೋಣ,” ಎಂದೆ.

ಅವನಿಗೆ ನಂಬಿಕೆ ಬರಲಿಲ್ಲ. ಮೊದಲ ಸಲ ಹೆದರುತ್ತ ಎಳೆದ. ವೈರ್ ಹಾಕಿದೆ, ಎದ್ದಿತು. ಎರಡನೆಯ ಸಲ ಗತ್ತಿನಿಂದ. ಎದ್ದಿತು. ಆಮೇಲೆ ಶುರುವಾಯಿತು ನೋಡಿ ಅವನ ಆಟ. ಕೂತು, ನಿಂತು, ತಿರುಗಿ, ಬಾಗಿಲವರೆಗೆ ಹೋಗಿ ಓಡಿಬಂದು, ಹಳೆಯ ಪಾತ್ರಗಳ ಒಂದೊಂದು ನಿಲುವಿನಲ್ಲಿ ಎಳೆದ. ದನಿಯಿಲ್ಲದೆ, ಹೆಗಲು ಕುಣಿಸಿ ನಕ್ಕ. ಅತ್ತಿಗೆ ಬಂದು ತಾವೂ ಒಂದು ಸಲ ಎಳೆದರು. ಪ್ರತಿ ಸಲವೂ ಹಸಿರು ದೀಪ.

ಎಳೆಯುವ ಮೊದಲು ಅವನು ಒಂದೊಂದು ವಾಕ್ಯ ಆಡಬೇಕಿತ್ತು. ನಾನು ಅಡ್ಡ ಬಾಯಿ ಹಾಕದೆ ಪ್ರತಿ ವಾಕ್ಯವನ್ನೂ ಕೊನೆಯ ಅಕ್ಷರದವರೆಗೆ ಕೇಳಬೇಕಾಯಿತು. ಕೇಳದಿದ್ದರೆ ಎಲ್ಲಿ ತುಂಡಾಯಿತು ಎಂದು ತಿಳಿಯುವುದು ಹೇಗೆ? ಮೊದಮೊದಲು ಅವನು ನೆನಪಿಗೆ ಬಂದ ನಾಟಕದ ಸಂಭಾಷಣೆಗಳನ್ನೇ ಒತ್ತಿದ. ಸರಕು ಮುಗಿದ ಮೇಲೆ ನಿಧಾನವಾಗಿ ಒತ್ತಿದ.

“ಅವತ್ತು ಮುಖ್ಯಸ್ಥೆಗೆ ಹೇಳಬೇಕು ಅಂತಿದ್ದೆ. ನನಗೆ ಭಯ ಆಗ್ತಿದೆ. ಇನ್ನೊಂದು ತಿಂಗಳು ಕೊಡಿ ಅಂತ.”

ಈ ಸಲ ವೈರ್ ಎಳೆಯಲಿಲ್ಲ. ನನ್ನನ್ನೇ ನೋಡುತ್ತ ಕೂತ.

ವಾಕ್ಯ ಪೂರ್ತಿ ಬಂತು. ಎಲ್ಲೂ ತುಂಡಾಗಲಿಲ್ಲ. ‘ಭ’ ಸ್ಪಷ್ಟವಾಗಿತ್ತು. ಪರೀಕ್ಷೆ ಮುಗಿಯಿತು.

ಮಾರ್ಚ್ ೨೬, ಗುರುವಾರ

ಬೆಳಿಗ್ಗೆ, “ಬೇಕಾದ್ರೆ ಮುಖ್ಯಸ್ಥೆ ಹತ್ರ ಈಗ್ಲೇ ಹೋಗಿ ದಿನ ಮುಂದಕ್ಕೆ ಹಾಕಿಸೋಣ,” ಎಂದೆ. ಅಣ್ಣ ತಲೆ ಅಡ್ಡ ಆಡಿಸಿದ. “ಬೇಡ. ಇನ್ನೊಂದು ತಿಂಗಳಿಗೆ ಭಯ ಇನ್ನೂ ದಪ್ಪ ಆಗತ್ತೆ.” ಇಷ್ಟು ಒತ್ತಲು ಅವನಿಗೆ ಬಹಳ ಹೊತ್ತು ಬೇಕಾಯಿತು. ನನ್ನ ಕಾಫಿ ಆರಿ ನೀರಾಯಿತು. ಹಾಳು ಕಾಫಿ.

ಮಾರ್ಚ್ ೨೮, ಶನಿವಾರ

ಬರೆಯುತ್ತೇನೆ. ಸಿಟ್ಟು ಇನ್ನೂ ಇಳಿದಿಲ್ಲ!

ಶಾಲೆಯ ತಾಲೀಮು ಕೋಣೆ. ಮರದ ನೆಲ, ಒಂದು ಗೋಡೆಯಿಡೀ ಕನ್ನಡಿ, ಇನ್ನೊಂದು ಗೋಡೆಗೆ ಒರಗಿ ಸಮಿತಿಯ ಮೂವರು. ನಡುವೆ ಕೂತಿದ್ದವರು ಖಜಾಂಚಿ, ತೆಳು ಚೌಕಟ್ಟಿನ ಕನ್ನಡಕದ ಹಿರಿಯರು. ಅಣ್ಣ ಪೆಟ್ಟಿಗೆಯನ್ನು ಪುಟ್ಟ ಮೇಜಿನ ಮೇಲಿಟ್ಟುಕೊಂಡು ಕೂತ. ನಾನು ಪಕ್ಕದಲ್ಲಿ, ಪ್ಲಗ್ಗಿನ ಹತ್ತಿರ.

ತೆಳು ಕಾಗದವನ್ನು ಅಣ್ಣ ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ ತಂದಿದ್ದ. ಒಂದೊಂದು ಮಗುವಿನ ಕೈಗೂ ಒಂದೊಂದು ಕೊಟ್ಟು, ಬಾಯಿಯ ಮುಂದೆ ನೇತುಹಾಕಿ ಹಿಡಿಯಿರಿ ಎಂದ. ದ ಅಂದರೆ ಕಾಗದ ಅಲುಗಬಾರದು. ಧ ಅಂದರೆ ಹಾರಬೇಕು. ಅವನಿಗೆ ಈಗ ಅಂದು ತೋರಿಸಲಾಗದು, ಅವನ ಉಸಿರು ಕುತ್ತಿಗೆಯ ತೂತಿನಿಂದ ಹೋಗುತ್ತದೆ. ಆದರೆ ನೋಡಬಲ್ಲ. ಮಕ್ಕಳ ಸಾಲಿನ ಮುಂದೆ ನಡೆದ. ಯಾರ ಕಾಗದ ಸುಮ್ಮನಿತ್ತೋ ಅವರತ್ತ ಬೆರಳು. ಹಿಂದಕ್ಕೆ ಬಂದು ಒತ್ತುತ್ತಿದ್ದ. “ಮತ್ತೆ,” ಎನ್ನುತ್ತಿತ್ತು ಪೆಟ್ಟಿಗೆ. “ಹೊಟ್ಟೆಯಿಂದ. ಮತ್ತೆ.” ಕೋಣೆಯೆಲ್ಲ ಬಿಳಿ ಕಾಗದ ಪಟಪಟ.

ಖಜಾಂಚಿಯವರಿಗೆ ತಾಳ್ಮೆ ಮುಗಿಯಿತು. ಮಾತು ಅಣ್ಣನ ಬಗ್ಗೆ, ಮುಖ ನನ್ನ ಕಡೆ.

“ಅಲ್ಲಾ, ಒಂದೊಂದು ಮಾತಿಗೂ ಇವರು ಇಷ್ಟು ಹೊತ್ತು ತಗೊಂಡ್ರೆ ವರ್ಷದ ಪಾಠ ಮುಗಿಸೋಕೆ ಸಾದ್ಯಾನಾ? ನೀವೇ ಹೇಳಿ. ನೀವು ತಮ್ಮ ಅಲ್ವಾ?”

ಅಬ್ಬಾ! ಎದುರಿಗೇ ಕೂತ ಮನುಷ್ಯನನ್ನು ಬಿಟ್ಟು ಅವನ ಯೋಗ್ಯತೆಯನ್ನು ನನ್ನ ಹತ್ತಿರ ವಿಚಾರಿಸುವುದೇ! ನನ್ನ ಗಂಟಲಲ್ಲಿ ಮೂರು ಪುಟದ ಭಾಷಣ ಸಾಲುಗಟ್ಟಿ ನಿಂತಿತ್ತು. ಅಣ್ಣನ ಬೆರಳು ಒಂದು ಕೀಲಿಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ನಾನು ಡ್ರೈವ್‌ನ ದೀಪದ ಮೇಲೆ ಕಣ್ಣಿಟ್ಟಿದ್ದೆ. ಅಂಥ ಹೊತ್ತಿನಲ್ಲಿ ದೀಪ ನೋಡುವುದು ಮುಖ್ಯ, ಹಾಗಾಗಿ ಮಾತಾಡಲಾಗಲಿಲ್ಲ. ಫ್ಯಾನಿನ ಸದ್ದು ಕೇಳಿಸಿತು. ಯಾರೋ ಕೆಮ್ಮಿದರು. ಮುಖ್ಯಸ್ಥೆ ನನ್ನನ್ನು ನೋಡಿದರು. ಖಜಾಂಚಿ ಮತ್ತೆ ಬಾಯಿ ತೆರೆಯುವವರಿದ್ದರು. ಆಗ ಪೆಟ್ಟಿಗೆ, ಅಣ್ಣನ ಎದೆಯಿಂದ ಎದ್ದ ಹಾಗೆ:

“ಸಾಧ್ಯ. ‘ಧ’ಕ್ಕೆ ಉಸಿರು ಬೇಕು, ಸರ್. ಮುಂದೆ ಬನ್ನಿ.”

ಮಕ್ಕಳು ನಗು ತಡೆದುಕೊಂಡರು. ಹಿರಿಯರು ಕೆಂಪಾದರು. ಎಲ್ಲರೂ ನೋಡುತ್ತಿದ್ದಾರೆ, ಬರದೆ ವಿಧಿಯಿಲ್ಲ. ಎದ್ದು ಬಂದರು. ಬರುವಾಗ ಅವರ ಷೂ ವೈರಿಗೆ ಸಿಕ್ಕಿಕೊಂಡು, ಪ್ಲಗ್ ಗೋಡೆಯಿಂದ ಠಣ್ಣನೆ ಕಿತ್ತುಬಂತು. ಕತ್ತಲಾಯಿತು ಪೆಟ್ಟಿಗೆ!

ಮುಗೀತು ಎಂದು ಮೂವರಲ್ಲೊಬ್ಬರು ಗೊಣಗಿದ್ದು ನನ್ನ ಕಿವಿಗೆ ಬಿತ್ತು. ನಾನು ಬಗ್ಗಿ ಪ್ಲಗ್ ಸಿಕ್ಕಿಸಿದೆ. ಕೆಂಪು. ಹಸಿರು. ಹಸಿರು ಹಸಿರು ಹಸಿರು! ಖಜಾಂಚಿಯವರು ಇನ್ನೂ ಕ್ಷಮೆ ಕೇಳಿ ಮುಗಿಸಿರಲಿಲ್ಲ. ಅಣ್ಣ ಒತ್ತಿದ.

“ಬಂದ್ರಲ್ಲ. ಈಗ ಹೇಳಿ.”

ಒಂದು ಹುಡುಗಿ ತನ್ನ ಕಾಗದವನ್ನು ಅವರ ಕೈಗೆ ಕೊಟ್ಟಳು. ಅವರು ಕನ್ನಡಕ ಮೇಲೇರಿಸಿ, “ಸಾದ್ಯ,” ಎಂದರು. ಕಾಗದ ಅಲುಗಲಿಲ್ಲ. ಅಣ್ಣ ತಲೆ ಅಡ್ಡ ಆಡಿಸಿದ. “ಸಾ...ದ್ಯ.” ಇಲ್ಲ. ಅಣ್ಣ ತನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಒತ್ತಿ ತೋರಿಸಿದ. ಹಿರಿಯರು ತಮ್ಮ ಹೊಟ್ಟೆಯ ಮೇಲೂ ಕೈ ಇಟ್ಟುಕೊಂಡರು.

“ಸಾಧ್ಯ!”

ಕಾಗದ ಹಾರಿ ಅವರ ಮೂಗಿಗೇ ಬಡಿಯಿತು. ಮಕ್ಕಳು ಚಪ್ಪಾಳೆ ಹೊಡೆದರು. ಆ ಮನುಷ್ಯ, ಹೇಳಲು ನನಗೆ ಹೊಟ್ಟೆ ಉರಿಯುತ್ತದೆ, ಹಲ್ಲು ಬಿಟ್ಟು ನಕ್ಕರು. ಕೇಳದೆಯೇ ಇನ್ನೆರಡು ಸಲ ಹೇಳಿದರು.

ತರಗತಿ ಮುಗಿದ ಮೇಲೆ ನೇರವಾಗಿ ನನ್ನ ಹತ್ತಿರ ಬಂದರು. ಇನ್ನೂ ಬುದ್ಧಿ ಬಂದಿರಲಿಲ್ಲ ನೋಡಿ! “ಮುಂದಿನ ವರ್ಷ ವಾರಕ್ಕೆ ಎಷ್ಟು ತರಗತಿ ತಗೋತಾರಂತೆ ನಿಮ್ಮಣ್ಣ?”

“ನನ್ನನ್ನೇನು ಕೇಳ್ತೀರಿ? ಅವನು ಅಲ್ಲೇ ಇದಾನಲ್ಲ!” ಎಂದೆ, ಸ್ವಲ್ಪ ಜೋರಾಗಿಯೇ.

ಅವರು ಅಣ್ಣನ ಕಡೆ ತಿರುಗಿ ಕೇಳಿದರು. ಅಣ್ಣ ಯೋಚಿಸಿದ, ಒಂದು ಕೀಲಿ ಒತ್ತಿದ, ಅಳಿಸಿದ, ಮತ್ತೆ ಮೊದಲಿನಿಂದ ಶುರುಮಾಡಿದ. ಖಜಾಂಚಿಯವರು ಹತ್ತಿರವಿದ್ದ ಕುರ್ಚಿಯೊಂದನ್ನು ಎಳೆದುಕೊಂಡು ಕೂತರು.